ವೇಗ ಮೊದಲು, ಎತ್ತರ ಆಮೇಲೆ

(ಸುಲ್ತಾನ್ ಬಜಾರಿನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ವಿಮಾನದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಸ್ವತಂತ್ರ ಭಾರತದ ಅನೇಕ ತರುಣರಿಗೆ ಹಾರಲು ಕಲಿಸಿದ ಎರಡು ಪುಟ್ಟ ವಿಮಾನಗಳು ಹುಟ್ಟಿದ್ದು ಕನ್ನಡ ನೆಲದಲ್ಲಿ. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಟಿ-2 ವಿಮಾನವು 1951ರಲ್ಲಿ ಮೊದಲು ಹಾರಿತು. ನಮ್ಮ ನೆರೆಯ ಬೀದರದ ವಾಯುಪಡೆಯ ಶಾಲೆಯಲ್ಲಿ ಎಷ್ಟೋ ಮಂದಿಗೆ ಅದೇ ಮೊದಲ ಗುರುವಾಯಿತು. 1958ರಲ್ಲಿ ಹಾರಿದ ‘ಪುಷ್ಪಕ’ವು ಹಾರಾಟದ ಕ್ಲಬ್ಬುಗಳಿಗೆಂದು ಮಾಡಿದ್ದು; ಇಬ್ಬರಿಗೆ ಸ್ಥಳ, 90 ಅಶ್ವಶಕ್ತಿಯ ಎಂಜಿನ್. ಇಂದು ನಮ್ಮ ಮನೆಗಳ ಹುಡುಗರೂ ಹುಡುಗಿಯರೂ ಪೈಲಟ್ ಆಗುವೆವೆನ್ನುತ್ತಾರೆ, ತಾಯಿತಂದೆಗಳು ಹೆದರುತ್ತಾರೆ. ಆದುದರಿಂದ ಪುಷ್ಪಕವನ್ನೇ ಮುಂದಿಟ್ಟುಕೊಂಡು ಏರುವ, ಸಾಗುವ ಕ್ರಮವನ್ನು ನಾವಿಲ್ಲಿ ವಿವರಿಸುವೆವು.

ಪುಷ್ಪಕಕ್ಕೆ ಬಾಲದಡಿಯಲ್ಲಿ ಪುಟ್ಟ ಚಕ್ರ. ಆದುದರಿಂದ ನೆಲದ ಮೇಲೆ ಅದರ ಮೂಗು ಮೇಲೆದ್ದಿರುತ್ತದೆ. ಗಾಳಿಗೆ ಎದುರಾಗಿ ನಿಂತು ಥ್ರಾಟಲನ್ನು ಮೆಲ್ಲನೆ, ಆದರೆ ಪೂರ್ತಿಯಾಗಿ, ಮುಂದಕ್ಕೆ ಒತ್ತಬೇಕು. ಆಗ ಮೂಗು ಎಡಕ್ಕೆ ಎಳೆಯುತ್ತದೆ. ಬಲಗಾಲಿನಿಂದ ಚುಕ್ಕಾಣಿಯನ್ನು ಒತ್ತಿ ನೇರಮಾಡಬೇಕು. ಎಂಜಿನ್ ಪೂರ್ಣ ಶಕ್ತಿ ಕೊಡದಿದ್ದರೆ ಥ್ರಾಟಲ್ ಮುಚ್ಚಿ ನೆಲದ ಮೇಲೆಯೇ ನಿಲ್ಲುವುದು ಜಾಣತನ. ವೇಗ ಬಂದಂತೆ ಬಾಲವನ್ನೆತ್ತಿ ಮುಂದಿನ ಎರಡು ಚಕ್ರಗಳ ಮೇಲೆ ಓಡಿಸಬೇಕು. ಸಾಕಷ್ಟು ವೇಗ ಬಂದಾಗ ಕೋಲನ್ನು ತುಸುವೇ ಹಿಂದಕ್ಕೆಳೆದರೆ ವಿಮಾನ ನೆಲ ಬಿಡುತ್ತದೆ.

ಅವಸರದ ಕೈಗೆ ಇಲ್ಲಿಯೇ ಪರೀಕ್ಷೆ. 2008ರ ಮಾರ್ಚಿಯವರೆಗೆ ಈ ನಗರದ ಪ್ರಯಾಣಿಕರ ನಿಲ್ದಾಣವಾಗಿದ್ದ ಬೇಗಂಪೇಟೆ ಸಮುದ್ರಮಟ್ಟಕ್ಕಿಂತ ಸುಮಾರು 1,740 ಅಡಿ ಎತ್ತರದಲ್ಲಿದೆ. ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಬಿಸಿಲಿದ್ದರೆ ಅಲ್ಲಿಯ ಗಾಳಿ ಸುಮಾರು 5,000 ಅಡಿಯ ಮೇಲಿನ ಗಾಳಿಯಷ್ಟು ತೆಳುವಾಗುತ್ತದೆ. ಕೊರೆಯುವ ಚಳಿಯಲ್ಲಿ ನಂದಿಬೆಟ್ಟದ ನೆತ್ತಿಯ ಮೇಲಿರುವಷ್ಟು ಎನ್ನಬಹುದು. ತೆಳುಗಾಳಿಯಲ್ಲಿ ಎಂಜಿನ್ನಿಗೂ ಶಕ್ತಿ ಕಡಿಮೆ, ಪ್ರೊಪೆಲ್ಲರಿಗೂ ಹಿಡಿತ ಕಡಿಮೆ. ರೆಕ್ಕೆಗೆ ಹೆಚ್ಚು ಓಟ ಬೇಕು. ನೆಲ ಭರ್ರನೆ ಹಿಂದೋಡುವುದನ್ನು ಕಂಡು ಕಣ್ಣು ‘ಸಾಕು, ಏಳು’ ಎನ್ನುತ್ತದೆ; ವೇಗಮಾಪಕದ ಮುಳ್ಳು ‘ತಾಳು’ ಎನ್ನುತ್ತದೆ. ನಂಬಬೇಕಾದದ್ದು ಮುಳ್ಳನ್ನು.

ನೆಲ ಬಿಟ್ಟ ಕೂಡಲೆ ಮೂಗನ್ನು ಕಡಿದಾಗಿ ಎತ್ತಬಾರದು. ವೇಗ ಕಳೆದ ರೆಕ್ಕೆ ಗಾಳಿಯ ಹಿಡಿತ ತಪ್ಪುತ್ತದೆ. ಇದನ್ನೇ ಸ್ಟಾಲ್ ಎನ್ನುವರು. ಸಾಕಷ್ಟು ಎತ್ತರದಲ್ಲಿ ಸ್ಟಾಲ್ ಒಂದು ಪಾಠ, ನೂರಡಿಯಲ್ಲಿ ಮೃತ್ಯು. ಏರಿಕೆಗೂ ಎರಡು ವೇಗಗಳುಂಟು. ಎದುರಿಗೆ ಮರವಿದ್ದರೆ, ಕಡಿಮೆ ದೂರದಲ್ಲಿ ಹೆಚ್ಚು ಎತ್ತರ ಕೊಡುವ ವೇಗ; ಅಡ್ಡಿಯಿಲ್ಲದಿದ್ದರೆ, ಕಡಿಮೆ ಹೊತ್ತಿನಲ್ಲಿ ಹೆಚ್ಚು ಎತ್ತರ ಕೊಡುವ, ಅದಕ್ಕಿಂತ ತುಸು ಹೆಚ್ಚಿನ ವೇಗ. ಎರಡನ್ನೂ ವಿಮಾನದ ಕೈಪಿಡಿಯಿಂದ ಬಾಯಿಪಾಠ ಮಾಡಿರಬೇಕು.

ಏರುತ್ತಿರುವಾಗಲೇ ಎಂಜಿನ್ ನಿಂತರೆ? ಹಿಂದಿರುವ ರನ್‌ವೇ ಕರೆಯುತ್ತದೆ. ಕಡಿಮೆ ಎತ್ತರದಲ್ಲಿ ಆ ಕರೆಗೆ ಓಗೊಟ್ಟು ತಿರುಗಿದವರು ಎಷ್ಟೋ ಜನ ಪ್ರಾಣ ಕಳೆದುಕೊಂಡಿದ್ದಾರೆ. ತಟ್ಟನೆ ಮೂಗು ಇಳಿಸಿ, ವೇಗ ಉಳಿಸಿ, ಎದುರಿಗಿರುವ ಬಯಲಲ್ಲೇ ಇಳಿಯಬೇಕು. ವಿಮಾನ ಮುರಿದರೂ ಮನುಷ್ಯ ಉಳಿಯಬಹುದು.

ಬೇಕಾದ ಎತ್ತರ ಬಂದ ಮೇಲೆ ಮೊದಲು ಮೂಗನ್ನು ಸಮಮಾಡಿ, ವೇಗ ಕೂಡಲು ಬಿಡಬೇಕು. ಬಳಿಕ ಥ್ರಾಟಲ್ ಇಳಿಸಬೇಕು. ಕೊನೆಗೆ ಕೈಗೆ ಭಾರವಾಗದಂತೆ ಟ್ರಿಮ್ ಸರಿಪಡಿಸಬೇಕು. ಮುಂದೆ ಎಣ್ಣೆಯ ಒತ್ತಡ, ಪೆಟ್ರೋಲು, ದಿಕ್ಸೂಚಿ, ನಕ್ಷೆ ಇವುಗಳ ಮೇಲೆ ಸರದಿಯಂತೆ ಕಣ್ಣಿಟ್ಟು, ಹೊರಗಿನ ಆಕಾಶವನ್ನೂ ನೋಡುತ್ತಿರಬೇಕು. ಬೇಗಂಪೇಟೆಯಿಂದ ಬೀದರಕ್ಕೆ ಆಕಾಶಮಾರ್ಗ ಸುಮಾರು 115 ಕಿಲೋಮೀಟರು. ಗಂಟೆಗೆ 120 ಕಿಲೋಮೀಟರಿನಂತೆ ಸಾಗಿದರೆ, ಗಾಳಿಯಿಲ್ಲದ ದಿನ 58 ನಿಮಿಷ. ಮಳೆಗಾಲದ ಪಡುವಣ ಗಾಳಿ 30 ಕಿಲೋಮೀಟರಿನಂತೆ ಎದುರಾದರೆ 77 ನಿಮಿಷ. ಈ ಲೆಕ್ಕವನ್ನು ನೆಲದ ಮೇಲೆ ಮಾಡದವನು ಆಕಾಶದಲ್ಲಿ ಪೆಟ್ರೋಲಿನ ಮುಳ್ಳು ನೋಡಿ ಬೆವರುತ್ತಾನೆ.

ತಾಯಿತಂದೆಗಳೆ, ಮಕ್ಕಳ ಆಸೆಗೆ ಅಡ್ಡಬಾರದಿರಿ. ಕೈಗೆ ತಾಳ್ಮೆ, ಲೆಕ್ಕಕ್ಕೆ ನಿಷ್ಠೆ, ಗುರುವಿನ ಮಾತಿಗೆ ಕಿವಿ, ಇವು ಇವೆಯೇ ಎಂದು ಮಾತ್ರ ನೋಡಿರಿ. ಇವಿದ್ದವರು ಏರಲಿ, ಇಲ್ಲದವರು ಮೊದಲು ಇವನ್ನು ನೆಲದ ಮೇಲೆ ಕಲಿಯಲಿ.