ಗಾಡಿ ಅಳ್ಲಾಕತ್ತದಲ್ಲೋ ಅಂದಳು ಅವ್ವ: ಅಂಗಳದಲ್ಲಿ ಬ್ರೇಕ್ ಪ್ಯಾಡ್, ಡಿಸ್ಕ್ ಬದಲಿಸಿದ ಕತೆ

ಕಮಲಾಪುರದಿಂದ ಮಾತಾಡ್ತಾ ಇದ್ದೇನೆ. ನಮ್ಮೂರಿನ ಹೆಸರು ಹೇಳಿದ ತಕ್ಷಣ ಎಲ್ಲರೂ ಕೆಂಪು ಬಾಳೆಹಣ್ಣಿನ ಬಗ್ಗೆ ಕೇಳ್ತಾರೆ. ಅದರ ಬಗ್ಗೆ ಇನ್ನೊಂದು ದಿನ ಮಾತಾಡೋಣ. ಇವತ್ತಿನ ಮಾತು ನನ್ನ ಹಳೆಯ ಕಾರಿನ ಬ್ರೇಕಿನದು.

ಮೊದಲೇ ಹೇಳಿಬಿಡ್ತೇನೆ, ನಾನು ಮೆಕ್ಯಾನಿಕ್ ಅಲ್ಲ. ಶಾಲೆಯಲ್ಲಿ ಗಣಿತ ಕಲಿಸುವವನು. ಸೈಕಲ್ ಪಂಕ್ಚರ್ ಹಾಕಿಕೊಳ್ಳೋದು, ಮಿಕ್ಸರ್ ಬಿಚ್ಚಿ ಜೋಡಿಸೋದು, ಇಷ್ಟು ಗೊತ್ತಿತ್ತು. ಸೆಕೆಂಡ್ ಹ್ಯಾಂಡ್ ಕಾರು ತಗೊಂಡದ್ದು ಅವ್ವನ ಸಲುವಾಗಿ. ವಾರಕ್ಕೊಮ್ಮೆ ಅವಳನ್ನು ಕಲಬುರಗಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರಬೇಕು. ಹುಮನಾಬಾದ್ ರಸ್ತೆ, ಹಗಲೂ ರಾತ್ರಿ ಲಾರಿಗಳು. ಮಹಾಗಾಂವ್ ಕ್ರಾಸ್ ಹತ್ತಿರ ಯಾರು ಯಾವಾಗ ಅಡ್ಡ ಬರ್ತಾರೆ ಅನ್ನೋದು ದೇವರಿಗೇ ಗೊತ್ತು.

ಒಂದು ದಿನ ವಾಪಸ್ ಬರುವಾಗ ಬ್ರೇಕ್ ಒತ್ತಿದರೆ ಮುಂದಿನ ಚಕ್ರದಿಂದ ಕೀರಲು ಸದ್ದು. ನಾನು ಧೂಳು ಇರಬೇಕು ಅಂದುಕೊಂಡೆ. ನಮ್ಮ ಕಡೆ ಬೇಸಿಗೆಯಲ್ಲಿ ಧೂಳಿಗೇನು ಬರ. ಅವ್ವ ಹಿಂದಿನ ಸೀಟಿನಿಂದ, ‘ಏನೋ ತಮ್ಮಾ, ಗಾಡಿ ಅಳ್ಲಾಕತ್ತದಲ್ಲೋ’ ಅಂದಳು. ನಕ್ಕು ಸುಮ್ಮನಾದೆ. ಆ ನಗುವೇ ತಪ್ಪಾಯ್ತು ನೋಡಿ. ಬಹಳಷ್ಟು ಪ್ಯಾಡ್‌ಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರ್ತದೆ. ಪ್ಯಾಡ್ ಸವೆದು ತೆಳ್ಳಗಾದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಕಿರುಚಲಿ ಅಂತಲೇ ಇಟ್ಟಿರ್ತಾರೆ. ಅದು ಅಳು ಅಲ್ಲ, ಕೂಗು. ಎರಡು ವಾರ ನಾನು ಕೇಳಿಸಿಕೊಳ್ಳಲಿಲ್ಲ. ಮೂರನೆಯ ವಾರ ಕೀರಲು ನಿಂತು ಗರಗರ ಶುರುವಾಯ್ತು, ಬೀಸುವ ಕಲ್ಲಿನಲ್ಲಿ ಹರಳು ಸಿಕ್ಕಂತೆ. ಆಗ ಹೆದರಿದೆ.

ಸಿಟ್ಟೂ ಬಂತು. ಯಾಕಂದರೆ ಏಳು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಹೊಸ ಪ್ಯಾಡ್ ಹಾಕಿಸಿದ್ದೆ. ಬಿಲ್ ಇನ್ನೂ ಡ್ಯಾಶ್‌ಬೋರ್ಡಿನೊಳಗೆ ಇತ್ತು. ಹಳೇ ಪ್ಯಾಡೇ ಇಟ್ಟು ದುಡ್ಡು ತಗೊಂಡರು ಅಂತ ಮನಸ್ಸಿನಲ್ಲೇ ಬೈದೆ. ಇನ್ನು ಯಾರ ಕೈಗೂ ಕೊಡಲ್ಲ, ನಾನೇ ಮಾಡ್ತೇನೆ ಅಂತ ಹಟ ಹಿಡಿದೆ.

ಪಕ್ಕದ ಮನೆಯಲ್ಲಿ ಒಬ್ಬ ಕಾಕಾ ಇದ್ದಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಅವರ ಹತ್ತಿರ ಹೋಗಿ ಕೇಳಿದೆ. ‘ಮಾಡು, ಯಾಕ ಆಗಂಗಿಲ್ಲ. ಖರೆ ಜಾಕ್ ಮ್ಯಾಲ ಇದ್ದ ಗಾಡಿ ಕೆಳಗ ಕೈ ಹಾಕಿದಿ ಅಂದ್ರ ನಾ ಬರಂಗಿಲ್ಲ ನೋಡ’ ಅಂದರು. ಅದಕ್ಕೇ ಮೊದಲು ಎರಡು ಜಾಕ್ ಸ್ಟ್ಯಾಂಡ್ ಕೊಂಡೆ. ಉಳಿಯಬೇಕಿದ್ದ ಮಜೂರಿ ಅಲ್ಲೇ ಹೋಯ್ತು. ದುಡ್ಡು ಉಳಿಸೋಕೆ ಈ ಕೆಲಸ ಮಾಡ್ತೇನೆ ಅನ್ನೋರಿಗೆ ಮೊದಲ ಸಲ ಏನೂ ಉಳಿಯಲ್ಲ, ಇದು ನೆನಪಿರಲಿ.

ಇನ್ನು ಗಾಡಿ ಎತ್ತುವ ಜಾಗ. ಯೂಟ್ಯೂಬಿನಲ್ಲಿ ಎಲ್ಲರೂ ಕಾಂಕ್ರೀಟ್ ನೆಲದ ಮೇಲೆ ಕೆಲಸ ಮಾಡ್ತಾರೆ. ನಮ್ಮಲ್ಲಿ ಇರೋದು ಎರಡೇ ಥರ, ಒಂದು ಎರೆಮಣ್ಣು, ಇನ್ನೊಂದು ಶಹಾಬಾದ್ ಫರಸಿ. ಎರೆಮಣ್ಣು ಒಣಗಿದಾಗ ಕಲ್ಲಿನಂತೆ ಕಾಣ್ತದೆ, ಒಳಗೆ ಬಿರುಕು. ಒಂದು ಮಳೆ ಬಿದ್ದರೆ ಜಾಕ್ ಇಳಿದುಹೋಗ್ತದೆ. ಫರಸಿಯಾದರೂ ಗಟ್ಟಿ ಅಂದುಕೊಂಡಿದ್ದೆ. ಕಾಕಾ ಬಂದು ಹತೋಡಿಯ ಹಿಡಿಯಿಂದ ಫರಸಿಗಳನ್ನು ಒಂದೊಂದಾಗಿ ತಟ್ಟಿದರು. ಕೆಲವು ಕಡೆ ಟೊಳ್ಳು ಸದ್ದು. ಅಡಿಯಲ್ಲಿ ಮಣ್ಣು ಕುಸಿದು ಪೊಳ್ಳಾಗಿತ್ತು. ಕಾರಿನ ಭಾರವೆಲ್ಲ ಸ್ಟ್ಯಾಂಡಿನ ನಾಲ್ಕು ಸಣ್ಣ ಕಾಲಿನ ಮೇಲೆ ಬಿದ್ದರೆ ಅಂಥ ಕಲ್ಲು ಚಟ್ ಅಂತ ಒಡೀತದೆ. ಗಟ್ಟಿ ಸದ್ದಿನ ಜಾಗ ಹುಡುಕಿ, ಮೇಲೆ ಬೇವಿನ ದಪ್ಪ ಹಲಗೆ ಹಾಕಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟೆವು. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು, ಹ್ಯಾಂಡ್ ಬ್ರೇಕ್, ಮೊದಲ ಗೇರ್. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲ ಮಾಡಿಕೊಂಡೆ. ಎತ್ತಿದ ಮೇಲೆ ಜೋರು ಹಾಕಿದರೆ ಗಾಡಿ ಅಲುಗಾಡ್ತದೆ.

ಸಮಯ ಬೆಳಗಿನ ಆರು ಗಂಟೆ. ಮೇ ತಿಂಗಳ ಕಲಬುರಗಿ ಜಿಲ್ಲೆ, ಹತ್ತು ಗಂಟೆಯ ಮೇಲೆ ಬಿಸಿಲಿಗೆ ಬಿದ್ದ ಪಾನಾ ಮುಟ್ಟಿದರೆ ಕೈಗೆ ಚುರುಕ್ ಅಂತದೆ.

ಚಕ್ರ ತೆಗೆದೆ. ಕ್ಯಾಲಿಪರ್ ಅಂದರೆ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಇಕ್ಕಳ. ಅದರ ಬೋಲ್ಟ್ ಬಿಚ್ಚಿ ಮೇಲೆತ್ತಿದೆ. ಅದು ರಬ್ಬರ್ ನಳಿಗೆಯ ಮೇಲೆ ಜೋತು ಬೀಳೋಕೆ ಬಿಡಬಾರದು, ನಳಿಗೆಯ ಒಳಗೆ ಹರಿದರೆ ಹೊರಗಿನಿಂದ ಗೊತ್ತೇ ಆಗಲ್ಲ. ತಂತಿಯಿಂದ ಮೇಲಿನ ಸ್ಪ್ರಿಂಗಿಗೆ ಕಟ್ಟಿದೆ. ಪ್ಯಾಡ್ ಹೊರತೆಗೆದು ನೋಡಿದರೆ, ಹೊರಗಿನ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಒಳಗಿನ ಪ್ಯಾಡಿನಲ್ಲಿ ಏನೂ ಇಲ್ಲ. ಬರೀ ಕಬ್ಬಿಣದ ತಗಡು. ಆ ಕಬ್ಬಿಣವೇ ಡಿಸ್ಕನ್ನು ಉಜ್ಜುತ್ತಿತ್ತು. ಡಿಸ್ಕಿನ ಒಳಮೈ ಮೇಲೆ ಗ್ರಾಮಾಫೋನ್ ತಟ್ಟೆಯ ಗೆರೆಗಳು.

ಹಾಗಾದರೆ ಗ್ಯಾರೇಜಿನವರು ಹೊಸ ಪ್ಯಾಡ್ ಹಾಕಿದ್ದು ನಿಜ. ನಾನು ಬೈದದ್ದು ಸುಳ್ಳಾಯ್ತು. ಮತ್ತೆ ಒಂದು ಮಾತ್ರ ಯಾಕೆ ಸವೆಯಿತು? ಕಾಕಾ ಕ್ಯಾಲಿಪರನ್ನು ಹಿಡಿದು ಆ ಕಡೆ ಈ ಕಡೆ ಜಗ್ಗಿ ನೋಡು ಅಂದರು. ಜಗ್ಗಿದೆ, ಅಲುಗಲಿಲ್ಲ. ಈ ಥರದ ಕ್ಯಾಲಿಪರಿನಲ್ಲಿ ಪಿಸ್ಟನ್ ಇರೋದು ಒಂದೇ, ಒಳಗಡೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನು ಎಳೆದು ತರ್ತದೆ. ಪಿನ್ನು ಜಾರದಿದ್ದರೆ ಹೊರಗಿನ ಪ್ಯಾಡ್ ಹೆಸರಿಗಷ್ಟೇ. ದುಡಿಯೋದೆಲ್ಲ ಒಳಗಿನದೇ. ನನ್ನ ಗಾಡಿಯ ಕೆಳಗಿನ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದರ ರಬ್ಬರ್ ಟೊಪ್ಪಿಗೆ ಹರಿದು ನೀರು, ಧೂಳು ಒಳಗೆ ಹೋಗಿತ್ತು. ಗ್ಯಾರೇಜಿನವರು ಪ್ಯಾಡ್ ಬದಲಿಸಿದರು, ಪಿನ್ನು ಮುಟ್ಟಿ ನೋಡಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಗಾಡಿ ಕೊಡಿ ಅಂತ ಅವತ್ತು ಅವಸರ ಮಾಡಿದ್ದೂ ನಾನೇ.

ಇದನ್ನು ಹೇಳೋಕೇ ಇಷ್ಟು ಪೀಠಿಕೆ. ಪ್ಯಾಡ್ ಬದಲಿಸೋದು ಈ ಕೆಲಸದಲ್ಲಿ ಅತಿ ಸಣ್ಣ ಭಾಗ. ಪಿನ್ನನ್ನು ಹೊರತೆಗೆದು, ಪಾಲಿಶ್ ಪೇಪರಿನಿಂದ ಹದವಾಗಿ ಉಜ್ಜಿ, ಅದರ ಗೂಡು ಸ್ವಚ್ಛ ಮಾಡಿ, ರಬ್ಬರ್ ಹೊಸದು ಹಾಕಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಸವರಿ, ಬೆರಳಿನಿಂದ ತಳ್ಳಿದರೆ ಜಾರುವ ಹಾಗೆ ಮಾಡೋದಕ್ಕೇ ನನಗೆ ಒಂದು ಗಂಟೆ ಹಿಡೀತು. ಅಂಗಡಿಯಲ್ಲಿ ಸಿಗುವ ಸಾದಾ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ನು ಮತ್ತೆ ಕಚ್ಚಿಕೊಳ್ಳಬಹುದು. ಯಾವ ಗ್ರೀಸೂ ಪ್ಯಾಡಿನ ಮುಖಕ್ಕೆ, ಡಿಸ್ಕಿಗೆ ತಾಗಬಾರದು.

ಡಿಸ್ಕಿನದೂ ಅದೇ ಕತೆ. ಸವೆದು ಎಷ್ಟು ತೆಳ್ಳಗಾಗಬಹುದು ಅನ್ನೋದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೆತ್ತಿರ್ತಾರೆ. ಅಳೆದರೆ ನನ್ನದು ಆ ಮಿತಿಗಿಂತ ಅರ್ಧ ಮಿಲಿಮೀಟರ್ ಕಡಿಮೆ. ಲೇಥಿಗೆ ಕೊಟ್ಟು ನಯ ಮಾಡಿಸೋ ಮಾತೇ ಇಲ್ಲ, ಹೊಸದೇ ಬೇಕು. ಎಡಕ್ಕೊಂದು ಬಲಕ್ಕೊಂದು, ಜೋಡಿಯಾಗಿ. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೀತದೆ.

ಹಳೆಯ ಡಿಸ್ಕ್ ಹಬ್ಬಿಗೆ ತುಕ್ಕಿನಿಂದ ಅಂಟಿಕೊಂಡಿತ್ತು. ನಾನು ಹತೋಡಿ ಎತ್ತಿದೆ, ಕಾಕಾ ಕೈ ಹಿಡಿದರು. ಪೆಟ್ಟು ಬೇರಿಂಗಿಗೆ ಹೋಗ್ತದೆ ಅಂತ. ಡಿಸ್ಕಿನ ಮುಖದಲ್ಲಿ ಮರೆ ಇರುವ ಎರಡು ಸಣ್ಣ ತೂತುಗಳಿದ್ದವು. ಅವಕ್ಕೆ 8 ಮಿ.ಮೀ. ಬೋಲ್ಟ್ ಹಾಕಿ ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು ಬಿಗಿ ಮಾಡ್ತಾ ಹೋದರೆ, ಡಿಸ್ಕ್ ತಾನೇ ಟಕ್ ಅಂತ ಹೊರಗೆ ಬಂತು. ಎಷ್ಟು ಸುಲಭದ ಉಪಾಯ ಅಲ್ವಾ? ಹಬ್ಬಿನ ಮುಖವನ್ನು ತಂತಿ ಬ್ರಶ್ಶಿನಿಂದ ಹೊಳೆಯುವ ಹಾಗೆ ತಿಕ್ಕಬೇಕು. ಅಲ್ಲಿ ತುಕ್ಕಿನ ಒಂದು ಪದರ ಉಳಿದರೂ ಹೊಸ ಡಿಸ್ಕ್ ಓರೆಯಾಗಿ ಕೂತು, ಮುಂದೆ ಬ್ರೇಕ್ ಪೆಡಲ್ ನಡುಗೋಕೆ ಶುರುವಾಗ್ತದೆ. ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಕಾಲದ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು, ಈಗಿನದಾದರೂ ಪುಪ್ಪುಸಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಿಂದ ಒರೆಸಿ. ಡಿಪೋದಲ್ಲಿ ವರ್ಷಗಟ್ಟಲೆ ಗಾಳಿ ಹೊಡೆದೇ ಸ್ವಚ್ಛ ಮಾಡಿದ ಕಾಕಾ ಈಗ ಮೆಟ್ಟಿಲು ಹತ್ತಿದರೆ ಏದುಸಿರು ಬಿಡ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಹೇಳಲಾರೆ.

ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರ್ತಾರೆ. ಬ್ರೇಕ್ ಕ್ಲೀನರ್ ಹಾಕಿ ಅದನ್ನು ಪೂರ್ತಿ ತೆಗೆಯಬೇಕು. ಹೊಸ ಪ್ಯಾಡ್ ದಪ್ಪ, ಅದಕ್ಕೆ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ ಜಾಗ ಮಾಡಬೇಕು. ಹಳೆಯ ಪ್ಯಾಡನ್ನು ಪಿಸ್ಟನ್ನಿಗೆ ಅಡ್ಡ ಇಟ್ಟು ಕ್ಲ್ಯಾಂಪಿನಿಂದ ನಿಧಾನವಾಗಿ ಒತ್ತಿದೆ. ಒತ್ತಿದಷ್ಟೂ ಮೇಲೆ ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರ್ತದೆ. ಉಕ್ಕಿ ಚೆಲ್ಲಿದರೆ ಬಣ್ಣ ಕಿತ್ತುಬರ್ತದೆ. ಸಿರಿಂಜಿನಿಂದ ಸ್ವಲ್ಪ ತೆಗೆದಿಟ್ಟೆ.

ಆಯಿಲ್ ಅಂತೀವಿ, ಆದರೆ ಅದು ಎಣ್ಣೆ ಅಲ್ಲ. ಗಾಳಿಯ ತೇವ ಹೀರುವ ದ್ರವ. ಡಾಟ್ 4 ಅಂತ ಬರೋದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳೀತದೆ. ಕುದಿದರೆ ಆವಿ, ಆವಿ ಆದರೆ ಪೆಡಲ್ ಟೊಳ್ಳು. ಅಷ್ಟು ಬಿಸಿ ಎಲ್ಲಿಂದ ಬಂತು ಅಂದರೆ, ಗಣಿತದ ಮೇಷ್ಟ್ರು ಒಂದು ಲೆಕ್ಕ ಹೇಳ್ತೇನೆ ಕೇಳಿ. ಒಂದು ಟನ್ ತೂಕದ ಕಾರು 80 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಸುಮಾರು 250 ಕಿಲೋಜೂಲ್ ಶಕ್ತಿ ಹೆಚ್ಚುಕಡಿಮೆ ಎಲ್ಲವೂ ಬ್ರೇಕಿನಲ್ಲಿ ಶಾಖ ಆಗ್ತದೆ. ಒಂದು ಲೀಟರ್ ನೀರನ್ನು 60 ಡಿಗ್ರಿಯಷ್ಟು ಬಿಸಿ ಮಾಡುವ ಶಾಖ ಅದು. ನಮ್ಮ ಮೇ ತಿಂಗಳ ನಲ್ಲಿ ನೀರಾದರೆ ಚಹಾ ಇಡಬಹುದು. ವೇಗ 60ರಿಂದ 80ಕ್ಕೆ ಏರಿದರೆ ಈ ಶಾಖ ಹತ್ತಿರಹತ್ತಿರ ಎರಡು ಪಟ್ಟು. ಅದರಲ್ಲಿ ದೊಡ್ಡ ಪಾಲು ಮುಂದಿನ ಚಕ್ರಗಳದು.

ಎರಡೂ ಕಡೆ ಮುಗಿಯೋ ಹೊತ್ತಿಗೆ ಹನ್ನೊಂದೂವರೆ. ಕಾಕಾ ಊಟಕ್ಕೆ ಹೋಗಿದ್ದರು. ಚಕ್ರ ಹಾಕಿದೆ, ಗಾಡಿ ಇಳಿಸಿದೆ, ನಟ್ಟು ಬಿಗಿದೆ. ಕೈಯೆಲ್ಲ ಕಪ್ಪು, ಮೈಯೆಲ್ಲ ಬೆವರು, ಮನಸ್ಸು ಮಾತ್ರ ಏನೋ ಗೆದ್ದಂತೆ. ನಮ್ಮ ಅಂಗಳ ರಸ್ತೆಯ ಕಡೆಗೆ ಇಳಿಜಾರು. ಅಕ್ಕನ ಮಗ, ಎಂಟು ವರ್ಷದವನು, ಹಿಂದೆ ನಿಂತು ‘ಬರ್ಲಿ ಮಾಮಾ, ಬರ್ಲಿ’ ಅಂತ ಕೈ ಬೀಸ್ತಿದ್ದ. ಚಕ್ರದ ಕಲ್ಲು ತೆಗೆದೆ, ಕೂತು ಗಾಡಿ ಶುರು ಮಾಡಿದೆ, ಹ್ಯಾಂಡ್ ಬ್ರೇಕ್ ಇಳಿಸಿದೆ. ಗಾಡಿ ಹಿಂದಕ್ಕೆ ಹೊರಟಿತು. ಬ್ರೇಕ್ ಒತ್ತಿದೆ.

ಪೆಡಲ್ ನೆಲಕ್ಕೆ ಹೋಯ್ತು. ಏನೂ ಹಿಡಿಯಲಿಲ್ಲ.

ಮತ್ತೆ ಒತ್ತಬೇಕು ಅನ್ನೋದು ಹೊಳೆಯಲಿಲ್ಲ. ಹುಡುಗನ ಹೆಸರು ಹಿಡಿದು ಕೂಗಿದೆ, ಕೈ ತಾನೇ ಹ್ಯಾಂಡ್ ಬ್ರೇಕಿಗೆ ಹೋಯ್ತು. ಅದು ಹಿಂದಿನ ಡ್ರಮ್ಮುಗಳದು, ತಂತಿಯಿಂದ ಎಳೆಯೋದು, ನಾನು ಕೈ ಹಚ್ಚಿದ ಭಾಗಕ್ಕೂ ಅದಕ್ಕೂ ಸಂಬಂಧ ಇಲ್ಲ. ಗಾಡಿ ನಿಂತಾಗ ಹುಡುಗನಿಗೂ ಬಂಪರಿಗೂ ಒಂದು ಮೊಳ ಅಂತರ. ಅವನು ಇನ್ನೂ ನಗ್ತಾ ಇದ್ದ, ಆಟ ಅಂದುಕೊಂಡಿದ್ದ.

ಕಾರಣ ಬಹಳ ಸರಳ. ಹಿಂದಕ್ಕೆ ತಳ್ಳಿದ ಪಿಸ್ಟನ್ ಇನ್ನೂ ಅಲ್ಲೇ ಇತ್ತು. ಪ್ಯಾಡಿಗೂ ಡಿಸ್ಕಿಗೂ ಮಧ್ಯೆ ಸಂದು. ಗಾಡಿ ಕದಲಿಸುವ ಮೊದಲು, ಇಂಜಿನ್ ಶುರು ಮಾಡುವ ಮೊದಲು, ಪೆಡಲನ್ನು ನಿಧಾನವಾಗಿ ಹಲವು ಸಲ ಒತ್ತಿ ಅದು ಗಟ್ಟಿಯಾಗಿ ಮೇಲೆ ನಿಲ್ಲುವವರೆಗೆ ಬಿಡಬಾರದು. ಆಮೇಲೆ ಆಯಿಲ್ ಮಟ್ಟ ನೋಡಬೇಕು. ಎಷ್ಟು ಒತ್ತಿದರೂ ಪೆಡಲ್ ಮೆತ್ತಗೇ ಇದ್ದರೆ ಒಳಗೆ ಗಾಳಿ ಸೇರಿದೆ ಅಥವಾ ಎಲ್ಲೋ ಸೋರ್ತಿದೆ. ಆಗ ಗಾಡಿ ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ. ಯಾರನ್ನೂ ಗಾಡಿಯ ಹಿಂದೆ ಮುಂದೆ ನಿಲ್ಲಿಸಬೇಡಿ. ಇದು ನಾನು ನೋಡಿದ ವಿಡಿಯೋದಲ್ಲೂ ಇತ್ತು, ಕೊನೆಯ ಅರ್ಧ ನಿಮಿಷದಲ್ಲಿ. ಅಷ್ಟರಲ್ಲಿ ನಾನು ವಿಡಿಯೋ ಮುಚ್ಚಿದ್ದೆ.

ಸಂಜೆ ಕಾಕಾನಿಗೆ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ‘ನಾ ಉಣ್ಣಾಕ ಹೋಗಬಾರದಿತ್ತು’ ಅಂದರು ಅಷ್ಟೇ.

ಕೇಳೋರು ಒಂದು ಪ್ರಶ್ನೆ ಕೇಳಬಹುದು, ಹಾಗಾದರೆ ಮನೆಯಲ್ಲಿ ಮಾಡಬೇಕೋ ಬೇಡವೋ ಅಂತ. ಗೊತ್ತಿರೋರೊಬ್ಬರು ಮೊದಲ ಸಲ ಪಕ್ಕದಲ್ಲಿ ಇದ್ದರೆ, ಕಡೆಯವರೆಗೂ ಇದ್ದರೆ, ಮಾಡಿ. ಒಬ್ಬರೇ ಆದರೆ ಬೇಡ. ಹಿಂದೆಯೂ ಡಿಸ್ಕ್ ಇದ್ದು, ಹ್ಯಾಂಡ್ ಬ್ರೇಕ್ ಬಟನ್ನಿನಿಂದ ನಡೆಯುವ ಹೊಸ ಕಾರುಗಳಿದ್ದರೆ ಹಿಂದಿನ ಬ್ರೇಕಿಗೆ ಕೈ ಹಚ್ಚಲೇಬೇಡಿ, ಅದರ ವಿಧಾನವೇ ಬೇರೆ. ಗ್ಯಾರೇಜಿಗೆ ಕೊಟ್ಟರೂ ಪಿನ್ನು ಜಾರ್ತದೇನ್ರೀ ಅಂತ ಒಂದು ಮಾತು ಕೇಳಿ, ಅದಕ್ಕೆ ಬೇಕಾದ ಹೊತ್ತನ್ನೂ ಅವರಿಗೆ ಕೊಡಿ.

ಮರುದಿನ ನಸುಕಿನಲ್ಲಿ, ಲಾರಿ ಕಡಿಮೆ ಇದ್ದಾಗ, ಒಬ್ಬನೇ ಮಹಾಗಾಂವ್ ಕ್ರಾಸ್ ಕಡೆಗೆ ಹೋದೆ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು 50ರಿಂದ 10ಕ್ಕೆ ಹದವಾಗಿ ಇಳಿಸೋದು, ಮತ್ತೆ ಏರಿಸೋದು, ಮಧ್ಯೆ ಆರಲಿಕ್ಕೆ ಬಿಡೋದು. ಹತ್ತು ಸಲ ಹಾಗೆ ಮಾಡಿದೆ. ಹೊಸ ಪ್ಯಾಡು, ಹೊಸ ಡಿಸ್ಕು ಒಂದಕ್ಕೊಂದು ಹೊಂದಿಕೊಳ್ಳೋಕೆ ಇದು ಬೇಕು. ಮನೆಗೆ ಬಂದು ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಿದೆ, ಒಂದು ಕಾಲು ಸುತ್ತು ತಗೊಂಡಿತು.

ಆ ಗುರುವಾರ ಅವ್ವನ ಜೊತೆ ಆಸ್ಪತ್ರೆಗೆ ಹೊರಟೆ. ಕಲಬುರಗಿ ಬರುವವರೆಗೂ ಅವಳು ಮಾತಾಡಲಿಲ್ಲ, ಕಿವಿಗೊಟ್ಟು ಕೂತಿದ್ದಳು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ‘ಈಗ ಸುಮ್ಮಾಗ್ಯದ’ ಅಂದಳು. ಅಂಗಳದಲ್ಲಿ ಆದದ್ದನ್ನು ಅವಳಿಗೆ ನಾನು ಇನ್ನೂ ಹೇಳಿಲ್ಲ. ಇದನ್ನು ಯಾರಾದರೂ ಅವಳಿಗೆ ಕೇಳಿಸುವ ಮೊದಲು ಹೇಳಬೇಕು.