ಅರಸರ ಉಡುಗೆಯನ್ನು ನೆಯ್ದವರು



ರಾಜ್ಯೋತ್ಸವದಂದು ನಮ್ಮ ಅರಸರ ವೈಭವವನ್ನು ನೆನೆಯುವುದು ವಾಡಿಕೆ. ಆ ಅರಸರ ಉಡುಗೆ ಎಲ್ಲಿಂದ ಬರುತ್ತಿತ್ತು, ಅದರ ಹಿಂದೆ ಯಾರ ದುಡಿಮೆಯಿತ್ತು ಎಂಬುದನ್ನು ಇಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಾವಿರುವ ಈ ಕಲ್ಯಾಣ ಬಹು ಹಳೆಯ ರೇವು. ಇಲ್ಲಿಂದ ಬಟ್ಟೆ ಹಡಗೇರುತ್ತಿತ್ತೆಂದು 6ನೆಯ ಶತಮಾನದ ಅಲೆಕ್ಸಾಂಡ್ರಿಯದ ವರ್ತಕ ಕಾಸ್ಮಾಸ್ ಬರೆದಿದ್ದಾನೆ. ಕನ್ನಡ ನಾಡಿನಲ್ಲಿಯೂ ಒಂದು ಕಲ್ಯಾಣವುಂಟು. ಅದೇ ಇಂದಿನ ಬಸವಕಲ್ಯಾಣ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಉಡುಗೆಗೆಂದೇ ಒಂದು ಅಧ್ಯಾಯವಿದೆ. ಬೇಸಗೆಗೆ ತೆಳುವಾದ ಬಿಳಿಯ ಬಟ್ಟೆ, ಚಳಿಗೆ ಉಣ್ಣೆ ಎಂಬ ವಿವರವೂ ಅಲ್ಲುಂಟು. ಅರಸನಿಗೆ ತಕ್ಕ ಬಟ್ಟೆ ಬರುವ ನಾಡುಗಳೆಂದು ವಂಗ, ಕಳಿಂಗ, ಸಿಂಹಳ, ಮಹಾಚೀನಗಳನ್ನು ಆತ ಹೆಸರಿಸುತ್ತಾನೆ. ಕನ್ನಡ ದೊರೆಯ ವೈಭವಕ್ಕೆ ಹತ್ತು ನಾಡಿನ ನೇಕಾರರು ದುಡಿದಿದ್ದರು.

ವಿಜಯನಗರದಲ್ಲಿ ದೊರೆಯು ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ತೊಡುತ್ತಿರಲಿಲ್ಲವೆಂದು 16ನೆಯ ಶತಮಾನದ ಪೋರ್ಚುಗೀಸ್ ವರ್ತಕ ನೂನಿಜ್ ಹೇಳುತ್ತಾನೆ. ಕಳಚಿದ ಬಟ್ಟೆ ಅದಕ್ಕೆಂದೇ ನೇಮಿಸಿದ ಅಧಿಕಾರಿಗಳ ವಶಕ್ಕೆ ಹೋಗುತ್ತಿತ್ತು. ಅವರು ಅದರ ಲೆಕ್ಕ ಒಪ್ಪಿಸಬೇಕಾಗಿತ್ತು. ಕಳಚಿದ ಬಟ್ಟೆಗೂ ಲೆಕ್ಕವಿತ್ತು. ಅದನ್ನು ನೆಯ್ದವನ ಹೆಸರು ಮಾತ್ರ ನೂನಿಜನ ಬರಹದಲ್ಲಿಲ್ಲ.

ಇನ್ನು ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಅಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಸ್ಥಾಪನೆಯಾಯಿತು. ಮಗ್ಗಗಳು ಸ್ವಿಟ್ಜರ್ಲೆಂಡಿನಿಂದ ಬಂದವು. ಮೊದಮೊದಲು ಅಲ್ಲಿ ನೇಯುತ್ತಿದ್ದುದು ಅರಮನೆಗಾಗಿ. 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವು ಅದನ್ನು ನಡೆಸುತ್ತಿದೆ. ಅರಸೊತ್ತಿಗೆ ಹೋಯಿತು, ಸೀರೆ ಉಳಿಯಿತು. ಅರಮನೆಯ ರೇಷ್ಮೆ ಇಂದು ಡೊಂಬಿವಲಿಯ ಮದುವೆಯ ಮನೆಗೂ ಬಂದಿದೆ. ಆ ಒಂದು ಸೀರೆಯ ಹಿಂದೆ ಹುಳು ಸಾಕಿದ ರೈತ, ಗೂಡಿನಿಂದ ನೂಲು ಬಿಚ್ಚಿದ ಹೆಣ್ಣುಮಗಳು, ಹುರಿ ಹಾಕಿದವನು, ಬಣ್ಣ ಕಟ್ಟಿದವನು, ಮಗ್ಗದ ಮುಂದೆ ನಿಂತವನು ಇದ್ದಾರೆ.

ದೊರೆಗಳು ನೇಕಾರನ ಹೆಸರನ್ನು ಕೇಳಿದರೋ ಇಲ್ಲವೋ, ನಾವು ಕೇಳಬಹುದಲ್ಲವೆ? ರಜೆಯಲ್ಲಿ ಊರಿಗೆ ಹೋದಾಗ ಇಳಕಲ್ಲಿನಲ್ಲಿಯೋ ಗುಳೇದಗುಡ್ಡದಲ್ಲಿಯೋ ನೇಕಾರರ ಮನೆಯ ಮುಂದೆ ಚೌಕಾಸಿಗೆ ಇಳಿಯುವ ಮೊದಲು, ಈ ಬಟ್ಟೆಗೆ ಎಷ್ಟು ದಿನ ಹಿಡಿಯಿತಪ್ಪಾ ಎಂದು ಕೇಳಿರಿ. ನ್ಯಾಯವಾದ ಬೆಲೆಯನ್ನು ಕೊಡಿರಿ. ಆತನ ಹೆಸರನ್ನು ಮಕ್ಕಳಿಗೆ ಹೇಳಿರಿ. ನಾಡಿನ ಚರಿತ್ರೆ ಅರಸರಿಂದಷ್ಟೇ ಆದುದಲ್ಲವೆಂಬುದನ್ನು ಅವರು ಹಾಗೆ ಕಲಿಯುತ್ತಾರೆ.