ಕತಾರ್-1ಬಿ: ಬೆಂಕಿ ಹತ್ತಿರಕ್ಕೆ ವಲಸೆ ಬಂದ ಗ್ರಹ

(ನಮ್ಮ ಬಳಗದ ಶುಕ್ರವಾರದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ವಿಜ್ಞಾನಿ ಅಲ್ಲ. ಸರ್ಕಾರಿ ಐ.ಟಿ.ಐ.ಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಮಾಡಿ ಇಲ್ಲಿಗೆ ಬಂದವನು. ಆದರೆ ನಾವು ದುಡಿಯುವ ಈ ದೇಶದ ಹೆಸರಲ್ಲಿ ಆಕಾಶದಲ್ಲಿ ಒಂದು ಗ್ರಹ ಇದೆ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅದರ ಹೆಸರು ಕತಾರ್-1ಬಿ. 2010ರ ಡಿಸೆಂಬರಿನಲ್ಲಿ ಅದು ಸಿಕ್ಕ ಸುದ್ದಿ ಹೊರಬಂತು.

ಅದು ನಮ್ಮ ಸೂರ್ಯನ ಸುತ್ತ ಸುತ್ತುವ ಗ್ರಹ ಅಲ್ಲ. ಉತ್ತರದ ಕಡೆ ಡ್ರೇಕೊ ಅಂತ ಒಂದು ನಕ್ಷತ್ರಪುಂಜ ಇದೆ. ಅಲ್ಲಿ ಸುಮಾರು 600 ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರವನ್ನು ಸುತ್ತುತ್ತದೆ. ಗಾತ್ರದಲ್ಲಿ ನಮ್ಮ ಗುರುಗ್ರಹಕ್ಕಿಂತ ತುಸು ದೊಡ್ಡದು. ಗುರು ಅಂದ್ರೆ ಸಣ್ಣ ಆಸಾಮಿ ಅಲ್ಲ, ಮುನ್ನೂರಕ್ಕೂ ಹೆಚ್ಚು ಭೂಮಿಯಷ್ಟು ತೂಕ. ಆ ಗುರು ಸೂರ್ಯನಿಂದ 78 ಕೋಟಿ ಕಿಲೋಮೀಟರ್ ದೂರ ನಿಂತು, ಒಂದು ಸುತ್ತಿಗೆ ಹತ್ತಿರಹತ್ತಿರ 12 ವರ್ಷ ತಗೋತಾನೆ. ಕತಾರ್-1ಬಿ ತನ್ನ ನಕ್ಷತ್ರದಿಂದ ಬರೀ 35 ಲಕ್ಷ ಕಿಲೋಮೀಟರ್. ಒಂದು ಸುತ್ತು 34 ಗಂಟೆಗೆ ಮುಗೀತು. ಅಲ್ಲಿ ಇವತ್ತು ಬೆಳಿಗ್ಗೆ ಆರಕ್ಕೆ ಯುಗಾದಿ ಮಾಡಿದರೆ ನಾಳೆ ಸಂಜೆ ನಾಲ್ಕಕ್ಕೆ ಮತ್ತೆ ಯುಗಾದಿ.

ಇಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನು ಇದೆ. ಯಾಕೆ ಅಂತ ನಿಮಗೆ ಹೇಳಬೇಕಿಲ್ಲ. ಆ ಗ್ರಹದ ಬಿಸಿ ಸುಮಾರು 1,100 ಡಿಗ್ರಿ. ನಾವು ಎಳೆಯುವ ಸಾಮಾನ್ಯ ಪಿ.ವಿ.ಸಿ. ವೈರಿನ ಹೊದಿಕೆ 70 ಡಿಗ್ರಿಗೆ ಲೆಕ್ಕ ಹಾಕಿದ್ದು. ಒಳಗಿನ ತಾಮ್ರ 1,085 ಡಿಗ್ರಿಗೆ ಕರಗುತ್ತದೆ. ಅಂದರೆ ಅಲ್ಲಿ ವೈರಿಂಗ್ ಅನ್ನೋದೇ ಇಲ್ಲ! ಇಷ್ಟು ಹತ್ತಿರ ಇರೋ ಗ್ರಹಗಳು ನಮ್ಮ ಚಂದ್ರನ ಹಾಗೆ ಒಂದೇ ಮುಖ ತೋರಿಸುತ್ತಾ ಸುತ್ತುತ್ತವೆ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒಂದು ಕಡೆ ಸದಾ ಹಗಲು, ಇನ್ನೊಂದು ಕಡೆ ಸದಾ ರಾತ್ರಿ. ಮೂರು ಫೇಸಿನ ಲೋಡನ್ನೆಲ್ಲ ಒಂದೇ ಫೇಸಿಗೆ ಕೊಟ್ಟಂಗೆ.

ಇದನ್ನು ಯಾರೂ ಕಣ್ಣಲ್ಲಿ ನೋಡಿಲ್ಲ. ಗ್ರಹ ನಕ್ಷತ್ರದ ಮುಂದೆ ಹಾದು ಹೋಗುವಾಗ ಬೆಳಕು 100ಕ್ಕೆ 2 ಪಾಲು ಕಮ್ಮಿ ಆಗುತ್ತೆ. ಒಂದೂವರೆ ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಹಾಗೇ ಇದ್ದು ಮತ್ತೆ ಸರಿಯಾಗುತ್ತೆ. 34 ಗಂಟೆ ಬಿಟ್ಟು ಮತ್ತೆ ಅದೇ. ಲಕ್ಸ್ ಮೀಟರ್ ಹಿಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಈ ಕೆಲಸದ ಮುಂದಾಳು ಕತಾರಿನ ಡಾ. ಖಾಲಿದ್ ಅಲ್‌ಸುಬಾಯಿ. ಆದರೆ ಕ್ಯಾಮೆರಾ ಇದ್ದದ್ದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ. ಬ್ರಿಟನ್ನಿನ ಲೆಸ್ಟರ್, ಸೇಂಟ್ ಆ್ಯಂಡ್ರೂಸ್ ಮತ್ತು ಇಲ್ಲಿನ ದೋಹಾದಲ್ಲಿ ಮಾಹಿತಿ ಜಾಲಾಡಿದರು. ಅರಿಜೋನಾದ ದೂರದರ್ಶಕದಲ್ಲಿ ತೂಕ ಖಚಿತ ಮಾಡಿದರು. ಬೋರ್ಡಿನ ಮೇಲೆ ಒಂದು ಹೆಸರು, ಒಳಗೆ ಎಲ್ಲೆಲ್ಲಿಯದೋ ಕೈಗಳು. ನಮಗೆ ಇದು ಹೊಸದಲ್ಲ ಬಿಡಿ.

ಇಂಥ ಗ್ರಹ ಇರೋಕೆ ಸಾಧ್ಯವೇ ಇಲ್ಲ ಅಂತ ಹಿಂದೆ ಹೆಚ್ಚಿನವರು ನಂಬಿದ್ದರು. ದೊಡ್ಡ ಗ್ರಹ ಅಂದ್ರೆ ದೂರವೇ ಇರಬೇಕು ಅನ್ನೋದು ಲೆಕ್ಕ. 1952ರಲ್ಲೇ ಆಟೊ ಸ್ಟ್ರೂವ್ ಅನ್ನುವ ಖಗೋಳ ವಿಜ್ಞಾನಿ, ದೊಡ್ಡ ಗ್ರಹ ನಕ್ಷತ್ರದ ಪಕ್ಕದಲ್ಲೇ ಯಾಕಿರಬಾರದು, ಹುಡುಕಿ ನೋಡಬಹುದಲ್ಲ ಅಂತ ಬರೆದಿದ್ದ. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್, ಡಿಡಿಯೆ ಕೆಲೋ ಇಬ್ಬರೂ 51 ಪೆಗಸಿ ಅನ್ನೋ ನಕ್ಷತ್ರ ಓಲಾಡೋದನ್ನು ಕಂಡುಹಿಡಿದರು. ಫ್ಯಾನಿನ ಒಂದು ರೆಕ್ಕೆ ಭಾರ ಆದರೆ ರಾಡ್ ಸಮೇತ ಓಲಾಡುತ್ತಲ್ಲ, ಹಾಗೆ. ಓಲಾಟದ ಲೆಕ್ಕದಲ್ಲಿ ಗ್ರಹದ ಸುತ್ತು 4.2 ದಿನ. 2019ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ವರ್ಷ ಭಾರತದ ಪಾಲಿಗೂ ಇಂಥದೊಂದು ಗ್ರಹಕ್ಕೆ ಹೆಸರಿಡುವ ಅವಕಾಶ ಸಿಕ್ಕಿತು. ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ ನಕ್ಷತ್ರಕ್ಕೆ ಬಿಭಾ, ಎರಡೇ ದಿನಕ್ಕೆ ಅದನ್ನು ಸುತ್ತುವ ಗ್ರಹಕ್ಕೆ ಸಂತಮಸ.

ಈಗ ನನಗೆ ಬಹಳ ಹಿಡಿಸಿದ ವಿಷಯ. ಅಷ್ಟು ಹತ್ತಿರದಲ್ಲಿ ಇಷ್ಟು ದೊಡ್ಡ ಗ್ರಹ ಹುಟ್ಟೋದು ಕಷ್ಟ. ಮಂಜುಗಡ್ಡೆ ಉಳಿಯೋದಿಲ್ಲ, ಕಟ್ಟಲು ಸಾಮಾನು ಸಾಲದು. ಅಲ್ಲೇ ಹುಟ್ಟಿರಬಹುದು ಅನ್ನೋರೂ ಇದ್ದಾರೆ. ಹೆಚ್ಚಿನವರು ಹೇಳೋದು, ದೂರದ ತಣ್ಣನೆ ಜಾಗದಲ್ಲಿ ಹುಟ್ಟಿ ಆಮೇಲೆ ಒಳಗೆ ಬಂತು ಅಂತ. ಅದಕ್ಕೆ ಅವರು ಇಟ್ಟಿರುವ ಪದ ಮೈಗ್ರೇಶನ್. ನಮ್ಮ ಕಾಗದಪತ್ರಗಳಲ್ಲಿ ಇರೋ ಪದವೇ!

ಹೇಗೆ ಬಂತು ಅನ್ನೋದರಲ್ಲಿ ಎರಡು ಮಾತಿದೆ. ನಕ್ಷತ್ರ ಎಳೆಯದಾಗಿದ್ದಾಗ ಸುತ್ತಲೂ ಅನಿಲ, ಧೂಳಿನ ತಟ್ಟೆ ಇರುತ್ತದೆ. ಅದರ ಸೆಳೆತದಲ್ಲಿ ಗ್ರಹ ನಿಧಾನಕ್ಕೆ ಒಳಗೆ ಸರಿಯುತ್ತದೆ ಅನ್ನೋದು ಒಂದು. ಇನ್ನೊಂದು ದೊಡ್ಡ ಗ್ರಹವೋ ಪಕ್ಕದ ನಕ್ಷತ್ರವೋ ಎಳೆದಾಡಿ ದಾರಿಯನ್ನು ಉದ್ದನೆ ಮೊಟ್ಟೆಯಂತೆ ಮಾಡುತ್ತದೆ, ಆಮೇಲೆ ಹತ್ತಿರ ಬಂದಾಗಲೆಲ್ಲ ನಕ್ಷತ್ರ ಹಿಡಿದು ಹಿಡಿದು ದಾರಿ ಚಿಕ್ಕದು ಮಾಡುತ್ತದೆ ಅನ್ನೋದು ಇನ್ನೊಂದು. ವಾಸ್ಪ್-17ಬಿ ಅನ್ನೋ ಗ್ರಹ ತನ್ನ ನಕ್ಷತ್ರ ತಿರುಗುವ ದಿಕ್ಕಿಗೆ ಉಲ್ಟಾ ಸುತ್ತುತ್ತದೆ. ಅದನ್ನು ನೋಡಿದರೆ ಯಾರೋ ನೂಕಿದ್ದು ಅನ್ನಿಸದೆ ಇರದು. ಕತಾರ್-1ಬಿ ನೆಟ್ಟಗೆ ಸುತ್ತುತ್ತದೆ, ಮುಖ ನೋಡಿ ಕಥೆ ಹೇಳೋಕಾಗಲ್ಲ. ನನ್ನ ಮಟ್ಟಿಗೆ ಎರಡೂ ಮಾತು ಸರಿ, ಬೇರೆ ಬೇರೆ ಗ್ರಹಕ್ಕೆ. ಈ ಹಾಲಿನಲ್ಲೇ ಕೇಳಿ ನೋಡಿ. ಕೆಲವರು ಮೆಲ್ಲಗೆ ಬೆಂಗಳೂರು, ಮುಂಬೈ ದಾಟಿ ಬಂದವರು. ಕೆಲವರನ್ನು ಸಾಲ ಒಂದೇ ಸಲ ನೂಕಿತು.

ಬಂದ ಮೇಲೆ ಏನು? ವಾಸ್ಪ್-12ಬಿ ಅಂತ ಇನ್ನೊಂದು ಇದೆ, ಸುತ್ತು 26 ಗಂಟೆ. ಆ ಸುತ್ತಿನ ಹೊತ್ತು ವರ್ಷಕ್ಕೆ 29 ಮಿಲಿಸೆಕೆಂಡ್ ಕಮ್ಮಿ ಆಗ್ತಾ ಇದೆ. ಒಳ್ಳೆ ಇ.ಎಲ್.ಸಿ.ಬಿ. ಟೆಸ್ಟ್ ಒತ್ತಿದರೆ ಬೀಳೋಕೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ಅಷ್ಟಷ್ಟೇ ಒಳಗೆ ಜಾರುತ್ತಾ ಇನ್ನು ಸುಮಾರು 30 ಲಕ್ಷ ವರ್ಷದಲ್ಲಿ ಅದು ನಕ್ಷತ್ರದ ಹೊಟ್ಟೆ ಸೇರುತ್ತದೆ. ಗ್ರಹಕ್ಕೆ ವಾಪಸ್ ಟಿಕೆಟ್ ಇಲ್ಲ.

ಕತಾರ್-1 ನಕ್ಷತ್ರ ಬರಿಗಣ್ಣಿಗೆ ಕಾಣದು. ಆದರೆ ಮರಳುಗಾಡಿನ ಕಡೆ ಹೋದಾಗ ಧ್ರುವ ನಕ್ಷತ್ರ ಹುಡುಕಿ, ಅದರ ಸುತ್ತ ಹಾವಿನಂತೆ ಬಳಸಿರೋದೇ ಡ್ರೇಕೊ. ಪ್ರಶ್ನೆ ಇದ್ದರೆ ಚಹಾ ಬರೋದರೊಳಗೆ ಕೇಳಿ.